ಬೇಡದ ವಿವರ ತುಂಬಿದ ಲೆಕ್ಕವನ್ನು ನಾನು ಬಿಡಿಸುವ ಬಗೆ

ವಾಕ್ಯರೂಪದ ಲೆಕ್ಕ ಎದುರಿಗೆ ಬಂದರೆ ನಾನು ಮೊದಲು ಓದುವುದು ಕೊನೆಯ ಸಾಲನ್ನು. ಏನು ಕೇಳಿದ್ದಾರೆ, ಉತ್ತರ ಲೀಟರಿನಲ್ಲೋ ನಿಮಿಷದಲ್ಲೋ, ಇಷ್ಟು ಖಚಿತವಾದ ಮೇಲೆಯೇ ಮೇಲಿನಿಂದ ಓದುತ್ತೇನೆ. ಒಂದು ಲೆಕ್ಕವನ್ನೇ ಇಟ್ಟುಕೊಂಡು ಹೇಳುತ್ತೇನೆ.

“5 ವರ್ಷದ ಹಿಂದೆ ಕಟ್ಟಿದ ತೊಟ್ಟಿಯೊಂದರ ಒಳಗಿನ ಉದ್ದ 3 ಮೀಟರ್, ಅಗಲ 2 ಮೀಟರ್, ಎತ್ತರ 1.5 ಮೀಟರ್. ಅದರ ಮೂರನೇ ಒಂದು ಭಾಗದಷ್ಟು ನೀರು ಈಗಲೇ ಇದೆ. ತೊಟ್ಟಿಯ 12 ನಲ್ಲಿಗಳೂ ಮುಚ್ಚಿವೆ. 40 ಮೀಟರ್ ಆಳದ ಬಾವಿಯಿಂದ ಪಂಪು ನಿಮಿಷಕ್ಕೆ 50 ಲೀಟರ್ ನೀರನ್ನು ತೊಟ್ಟಿಗೆ ಸುರಿಯುತ್ತದೆ. ತೊಟ್ಟಿ ತುಂಬಲು ಇನ್ನೆಷ್ಟು ಹೊತ್ತು ಬೇಕು?”

ಕೇಳಿದ್ದು ಹೊತ್ತು. ಅದಕ್ಕೆ ಎರಡೇ ಸಂಗತಿ ಸಾಕು: ಇನ್ನೆಷ್ಟು ನೀರು ಬರಬೇಕು, ನಿಮಿಷಕ್ಕೆ ಎಷ್ಟು ಬರುತ್ತಿದೆ. ಎರಡನೆಯದನ್ನು ಕೊಟ್ಟೇ ಇದ್ದಾರೆ. ಮೊದಲನೆಯದಕ್ಕೆ ತೊಟ್ಟಿಯ ಘನಫಲ ಬೇಕು, ಈಗಿರುವ ನೀರು ಬೇಕು. ಹೀಗೆ ಪ್ರಶ್ನೆಯಿಂದ ಹಿಂದಕ್ಕೆ ಹೋದರೆ ಬೇಕಾದ ಅಂಕಿಗಳನ್ನು ಮಾತ್ರ ಹುಡುಕಿಕೊಂಡು ಬಂದಂತಾಗುತ್ತದೆ. 3, 2, 1.5 ಗುಣಿಸಿದರೆ 9 ಘನ ಮೀಟರ್, ಅಂದರೆ 9000 ಲೀಟರ್. ಇನ್ನು ಬರಬೇಕಾದದ್ದು 6000. 50ರಿಂದ ಭಾಗಿಸಿದರೆ 120 ನಿಮಿಷ, ಎರಡು ಗಂಟೆ.

ಉತ್ತರ ಬಂದ ಮೇಲಿನ ಕೆಲಸವೇ ನನಗೆ ಹೆಚ್ಚು ಮುಖ್ಯ. 5, 12, 40 ಮುಟ್ಟದೆ ಉಳಿದಿವೆ. ಒಂದೊಂದನ್ನೂ ಮನಸ್ಸಿನಲ್ಲೇ ಬದಲಿಸಿ ನೋಡುತ್ತೇನೆ. ತೊಟ್ಟಿಗೆ 50 ವರ್ಷವಾಗಿದ್ದರೂ ಉತ್ತರ ಅದೇ. ಬಾವಿಯ ಆಳಕ್ಕೆ ಬಂದಾಗ ಸ್ವಲ್ಪ ನಿಲ್ಲಬೇಕು. ಆಳ ಹೆಚ್ಚಿದರೆ ಅದೇ ಪಂಪು ಎತ್ತುವ ನೀರು ಕಡಿಮೆಯಾಗುವುದು ನಿಜ. ಆದರೆ ತೊಟ್ಟಿಗೆ ಬೀಳುವ ನೀರೇ 50 ಲೀಟರ್ ಎಂದು ಹೇಳಿಬಿಟ್ಟಿದ್ದಾರೆ, ಆಳದ ಪರಿಣಾಮ ಆ 50ರೊಳಗೇ ಸೇರಿಹೋಗಿದೆ. ಇನ್ನು ನಲ್ಲಿ: 12 ಇರಲಿ, 20 ಇರಲಿ, ವ್ಯತ್ಯಾಸವಿಲ್ಲ. ಹಾಗೆಂದು ಆ ಸಾಲನ್ನೇ ಹೊಡೆದುಹಾಕಿದರೆ ಕೆಟ್ಟಿತು. “ಮುಚ್ಚಿವೆ” ಎಂಬುದನ್ನು “ತೆರೆದಿವೆ” ಎಂದು ಓದಿ ನೋಡಿ, ಆಗ ಹೊರಹೋಗುವ ನೀರಿನ ಲೆಕ್ಕ ಸಿಗದೆ ಉತ್ತರ ಹೇಳುವುದೇ ಸಾಧ್ಯವಿಲ್ಲ. ಆ ಸಾಲಿನಲ್ಲಿ ಅಂಕಿ ಬೇಡ, ಕ್ರಿಯಾಪದ ಬೇಕೇ ಬೇಕು.

ಅದಕ್ಕೇ ಬೇಡವೆನಿಸಿದ ವಾಕ್ಯವನ್ನು ಓದುವಾಗಲೇ ಅಡ್ಡಗೆರೆ ಎಳೆದು ಅಳಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಕೊಟ್ಟಿದ್ದನ್ನೆಲ್ಲ ಬಳಸಿದ್ದೀರಾ ಎಂದು ಕೇಳಿಕೊಳ್ಳಲು ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲೇ ಹೇಳಿದ್ದರು. ಒಳ್ಳೆಯ ಪ್ರಶ್ನೆ. ಇಂಥ ಲೆಕ್ಕಗಳಲ್ಲಿ ಮಾತ್ರ ನಾನು ಅದನ್ನು ತುಸು ತಿರುಗಿಸಿ ಕೇಳಿಕೊಳ್ಳುತ್ತೇನೆ: ಬಿಟ್ಟ ಪ್ರತಿ ವಿವರಕ್ಕೂ, ಯಾಕೆ ಬಿಟ್ಟೆ ಎಂದು ಕಾರಣ ಕೊಡಬಲ್ಲೆನೆ?

ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿರುವ ದುಂಬಿಗಳ ಲೆಕ್ಕ ಈ ಕಾರಣಕ್ಕೇ ನನಗೆ ಅಚ್ಚುಮೆಚ್ಚು. ಹಿಂಡಿನ ಐದನೇ ಒಂದು ಭಾಗ ಕದಂಬಕ್ಕೆ, ಮೂರನೇ ಒಂದು ಭಾಗ ಶಿಲೀಂಧ್ರ ಹೂವಿಗೆ, ಅವೆರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ ಹೋದವು. ಕೇತಕಿ, ಮಾಲತಿ ಎರಡರ ಪರಿಮಳವೂ ಸೆಳೆದು, ಎತ್ತ ಹೋಗಲೂ ಆಗದ ದುಂಬಿಯೊಂದು ಗಾಳಿಯಲ್ಲೇ ಅಲೆಯುತ್ತಿದೆ. ಒಟ್ಟು ಎಷ್ಟು? ಹೂವಿನ ಹೆಸರುಗಳನ್ನು ಬದಲಿಸಿದರೆ ಏನೂ ಆಗುವುದಿಲ್ಲ. ಕೊನೆಯ ವಾಕ್ಯವಂತೂ ಬರೀ ವರ್ಣನೆಯಂತೆಯೇ ಕಾಣುತ್ತದೆ, ಆದರೆ ಇಡೀ ಲೆಕ್ಕದಲ್ಲಿ ನೇರವಾಗಿ ಎಣಿಸಬಹುದಾದ ದುಂಬಿ ಇರುವುದು ಅಲ್ಲಿ ಮಾತ್ರ. ಹೂವಿಗೆ ಹೋದವು ಸೇರಿ ಹಿಂಡಿನ 15ರಲ್ಲಿ 14 ಭಾಗ. ಉಳಿದ ಒಂದು ಭಾಗವೇ ಆ ಅಲೆಯುವ ದುಂಬಿ, ಹಾಗಾಗಿ ಹಿಂಡಿನಲ್ಲಿದ್ದದ್ದು 15.