ಎಂಟು ಚುಕ್ಕೆ ಎಣಿಸಿದ ದಿನ

ಯಾದಗಿರಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಸೇರಿದ ಹೊಸತು. ಸಂಡಾಸ ಪರೀಕ್ಷೆಗೆ ನಾನು ಜಾಸ್ತಿ ಹೊತ್ತು ಕೊಡುತ್ತಿರಲಿಲ್ಲ. ಅಯೋಡಿನ್ ಹಾಕಿದ ಸ್ಲೈಡ್‌ನಲ್ಲಿ ದುಂಡಗೆ, ಹಳದಿಯಾಗಿ ಏನಾದರೂ ಕಂಡರೆ ಸಾಕು, 'ಅಮೀಬಾ ಸಿಸ್ಟ್ ಇದೆ' ಅಂತ ಬರೆದು ಕಳಿಸುತ್ತಿದ್ದೆ. ಸಿಸ್ಟ್ ಅಂದರೆ ಅಮೀಬಾ ಗಟ್ಟಿ ಕವಚದೊಳಗೆ ಸುಮ್ಮನೆ ಕೂತಿರುವ ರೂಪ.

ತೊಗರಿ ಹೊಲದಲ್ಲಿ ದುಡಿಯುವ ಒಬ್ಬರು ಮೂರನೇ ಸಲ ಬಂದರು. "ಮತ್ತ ಅದೇ ಹುಳ ಅದಾವೇನ್ರೀ? ಆ ಗುಳಿಗಿ ತಗೊಂಡ್ರ ಬಾಯಿ ಕಬ್ಬಿಣ ನೆಕ್ಕಿದಂಗ ಆಗ್ತದ, ರೊಟ್ಟಿ ಸೇರಂಗಿಲ್ಲ" ಅಂದರು. ಅಮೀಬಾ ಕೊಲ್ಲುವ ಗುಳಿಗೆ ಮೆಟ್ರೊನಿಡಜೋಲ್ ಎರಡು ಕೋರ್ಸ್ ಮುಗಿದಿತ್ತು.

ಆವತ್ತು ರಶ್ ಇರಲಿಲ್ಲ. ನಲವತ್ತರ ಲೆನ್ಸ್ ಹಾಕಿ, ಸಣ್ಣ ತಿರುಪನ್ನು ನಿಧಾನಕ್ಕೆ ತಿರುಗಿಸಿದೆ. ಸಿಸ್ಟ್‌ನೊಳಗೆ ನ್ಯೂಕ್ಲಿಯಸ್‌ಗಳು ಸಣ್ಣ ಬಳೆಗಳಂತೆ ಒಂದೊಂದೇ ಮೂಡಿದವು. ಐದು, ಆರು. ಇನ್ನೊಂದು ಕೂದಲೆಳೆ ತಿರುಗಿಸಿದರೆ ಕೆಳಗೆ ಮತ್ತೆರಡು. ಎಂಟು! ಆಮಶಂಕೆ ತರುವ ಎಂಟಮೀಬಾ ಹಿಸ್ಟೊಲಿಟಿಕಾ ಸಿಸ್ಟ್‌ಗೆ ಹೆಚ್ಚೆಂದರೆ ನಾಲ್ಕೇ ಇರುತ್ತವೆ. ಇದು ಎಂಟಮೀಬಾ ಕೋಲೈ. ಕರುಳಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡು ಇರುತ್ತದೆ, ಮನುಷ್ಯನಿಗೆ ತೊಂದರೆ ಕೊಡಲ್ಲ. ಹಿಂದಿನ ಎರಡು ಸ್ಲೈಡ್ ಉಳಿದಿರಲಿಲ್ಲ, ಅವು ಏನಿದ್ದವೋ ಹೇಳಲಾರೆ. ಆದರೆ ನಾನು ಎಣಿಸಿರಲಿಲ್ಲ. ಅದು ಇವತ್ತಿಗೂ ಮನಸ್ಸನ್ನು ಚುಚ್ಚುತ್ತದೆ.

ಅಲ್ಲಿಂದ ಪ್ರತಿ ಸಿಸ್ಟ್ ಎಣಿಸುತ್ತೇನೆ. ನಾಲ್ಕು ಕಂಡರೂ ತೀರ್ಮಾನ ಮಾಡುವ ಹಾಗಿಲ್ಲ. ಎಂಟಮೀಬಾ ಡಿಸ್ಪಾರ್ ಅಂತ ಇನ್ನೊಂದಿದೆ. ನೋಡಲು ಥೇಟ್ ಹಿಸ್ಟೊಲಿಟಿಕಾನೇ, ಆದರೆ ರೋಗ ತರಲ್ಲ. 1993ರಲ್ಲಿ ಇವೆರಡೂ ಬೇರೆ ಅಂತ ಖಚಿತವಾಗಿ ವಿಂಗಡಿಸಿದರು. ಆದರೆ ಸಿಸ್ಟ್ ನೋಡಿದರೆ ಮೈಕ್ರೋಸ್ಕೋಪ್‌ನಲ್ಲಿ ಆ ವ್ಯತ್ಯಾಸ ಗೊತ್ತಾಗಲ್ಲ. ಹಾಗಾಗಿ ರಿಪೋರ್ಟ್‌ನಲ್ಲಿ ಎರಡೂ ಹೆಸರು ಬರೆಯುತ್ತೇನೆ, ರೋಗಿಯ ಲಕ್ಷಣ ನೋಡಿ ಡಾಕ್ಟರ್ ನಿರ್ಧರಿಸುತ್ತಾರೆ.

ಹಿಸ್ಟೊಲಿಟಿಕಾ ಅಂತ ಧೈರ್ಯವಾಗಿ ಹೇಳಬೇಕಾದರೆ ಸಿಸ್ಟ್ ಸಾಲದು, ಕವಚ ಬಿಟ್ಟು ಓಡಾಡುವ ಅಮೀಬಾವನ್ನೇ ಜೀವಂತ ಹಿಡಿಯಬೇಕು. ರಕ್ತ, ಲೋಳೆ ಇರುವ ತೆಳು ಸಂಡಾಸ ಅರ್ಧ ಗಂಟೆಯೊಳಗೆ ಸ್ಲೈಡ್ ಮೇಲಿರಬೇಕು. ಉಚ್ಚೆ ಬೆರೆತರೂ ಅಮೀಬಾ ಸಾಯುತ್ತದೆ. ಮನೆಯಿಂದ ಡಬ್ಬಿಯಲ್ಲಿ ತಂದರೆ ಅಷ್ಟರಲ್ಲಿ ಎಲ್ಲಾ ಸತ್ತಿರುತ್ತವೆ, ಅದಕ್ಕೇ ಇಲ್ಲೇ ಕೊಡಿ ಅನ್ನುತ್ತೇನೆ. ಲೋಳೆ ಇದ್ದ ಕಡೆಯಿಂದಲೇ ಕಡ್ಡಿ ತುದಿಯಷ್ಟು ತೆಗೆದು ಸಲೈನ್‌ನಲ್ಲಿ ಕದಡುತ್ತೇನೆ. ಜೀವ ಇದ್ದರೆ ಮೊದಲು ಗಾಜಿನಂಥ ಒಂದು ಬೆರಳು ಮುಂದೆ ಚಾಚುತ್ತದೆ, ಹಿಂದೆಯೇ ಇಡೀ ಮೈ ಅದರೊಳಗೆ ಹರಿದು ಬರುತ್ತದೆ. ಅಮೀಬಾದ ಹೊಟ್ಟೆಯಲ್ಲಿ ಅದು ನುಂಗಿದ ಕೆಂಪು ರಕ್ತಕಣ ಕಂಡರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಮಕ್ಕಳಲ್ಲಿ ಜಿಯಾರ್ಡಿಯಾ ಅನ್ನುವ ಇನ್ನೊಂದು ಸೂಕ್ಷ್ಮ ಪರಾವಲಂಬಿಯನ್ನು ಹುಡುಕುತ್ತೇನೆ. ಸೂಕ್ಷ್ಮಜೀವಿಗಳನ್ನು ಮೊದಲು ಕಂಡ ಡಚ್ಚರ ಲೇವನ್‌ಹುಕ್ 1681ರಲ್ಲಿ ತನ್ನದೇ ಮಲದಲ್ಲಿ ನೋಡಿದ್ದು ಇದನ್ನೇ. ಬೇವಿನೆಲೆ ಗಾಳಿಗೆ ಉದುರುವ ಹಾಗೆ ಮಗುಚಿ ಮಗುಚಿ ಸಾಗುತ್ತದೆ. ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ಕೊಬ್ಬು ಮೈಗೆ ಸೇರದ ಹಾಗೆ ಮಾಡುತ್ತದೆ. ಜಿಡ್ಡು ಜಿಡ್ಡಾದ, ವಿಪರೀತ ನಾತದ ಸಂಡಾಸ, ತಿಂದರೂ ತೂಕ ಏರದ ಮಗು ಅಂದರೆ ನನಗೆ ಇದರದೇ ಅನುಮಾನ. ದಿನಾ ಹೊರಗೆ ಬರಲ್ಲ, ಬೇರೆ ಬೇರೆ ದಿನದ ಮೂರು ಸ್ಯಾಂಪಲ್ ಕೇಳುತ್ತೇನೆ.

ಬ್ಲಾಸ್ಟೊಸಿಸ್ಟಿಸ್ ಅನ್ನುವ ಕರುಳಿನ ಸೂಕ್ಷ್ಮಜೀವಿ ಆರೋಗ್ಯವಾಗಿ ಇರುವವರಲ್ಲೂ ಸಿಗುತ್ತದೆ. ಅದು ಇರುವವರ ಕರುಳಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ. ಕಂಡರೆ ಬರೆಯುತ್ತೇನೆ, ಯಾರನ್ನೂ ಸುಮ್ನೆ ಹೆದರಿಸಲ್ಲ.

ಆ ತೊಗರಿ ಹೊಲದವರ ರಿಪೋರ್ಟ್‌ನಲ್ಲಿ ಆವತ್ತು ಹೀಗೆ ಬರೆದೆ: 'ಎಂಟಮೀಬಾ ಕೋಲೈ ಸಿಸ್ಟ್. ರೋಗ ತರುವ ಜಾತಿಯಲ್ಲ.' ಡಾಕ್ಟರ್ ಗುಳಿಗೆ ನಿಲ್ಲಿಸಿ ಬೇರೆ ಕಾರಣ ಹುಡುಕತೊಡಗಿದರು. ಆದರೆ ಕೋಲೈ ಕೂಡ ಬಾಯಿಂದಲೇ ಒಳಗೆ ಹೋಗಬೇಕಲ್ವಾ? ಯಾರದೋ ಮಲ ನೀರಿಗೋ ಊಟಕ್ಕೋ ತಾಗಿದೆ. ಅದೇ ದಾರಿಯಲ್ಲಿ ನಾಳೆ ಹಿಸ್ಟೊಲಿಟಿಕಾ ಬರಬಹುದು. ಕುಡಿಯುವ ನೀರು ಎಲ್ಲಿಂದ ಅಂತ ಕೇಳಿದೆ.

"ಹೊಲದಾಗ ಇದ್ದಾಗ ಹಳ್ಳದ್ದೇ ರೀ. ಭಾಳ ತಂಪಿರ್ತದ."

ನಲ್ಲಿ ನೀರಿಗೆ ಹಾಕುವಷ್ಟು ಕ್ಲೋರಿನ್‌ಗೆ ಈ ಸಿಸ್ಟ್‌ಗಳು ಸುಲಭಕ್ಕೆ ಸಾಯಲ್ಲ, ಕುದಿಸಿದರೆ ಸಾಯುತ್ತವೆ ಅಂತ ಹೇಳಿದೆ. ಮುಂದಿನ ವಾರ ಡಾಕ್ಟರನ್ನು ನೋಡಲು ಬಂದಾಗ ಹೆಗಲಲ್ಲಿ ಮನೆಯ ನೀರಿನ ಕ್ಯಾನ್ ಇತ್ತು.