ಹಳೆ ಪತ್ರಿಕೆಯಲ್ಲಿ ಊರಿನ ಸುದ್ದಿ ಹುಡುಕುವ ಬಗೆ

ವಾಟ್ಸಾಪ್‌ನಲ್ಲಿ ಹರಿದಾಡುವ ಹಳೆ ಪತ್ರಿಕೆಯ ತುಣುಕುಗಳಲ್ಲಿ ಸುದ್ದಿ ಇರುತ್ತದೆ, ದಿನಾಂಕ ಇರುವುದಿಲ್ಲ. ದಿನಾಂಕವಿಲ್ಲದ ತುಣುಕು ಯಾವುದಕ್ಕೂ ಸಾಕ್ಷಿಯಾಗದು. ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿ, ಬೀದರ್, ಯಾದಗಿರಿ ಭಾಗದ ಸುದ್ದಿ ಹುಡುಕುವವರು ಎಡವುವುದೂ ಇಲ್ಲಿಯೇ.

ಗ್ರಂಥಾಲಯದಲ್ಲಿ ಮೊದಲೇ ಅನುಮತಿ ಪಡೆಯಿರಿ. ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಬೇಡಿ. ಮೇಲಿನ ಮೂಲೆ ಹಿಡಿದು, ಹಾಳೆಯ ಕೆಳಗೆ ಇಡೀ ಅಂಗೈ ಕೊಟ್ಟು ತಿರುವಿ. ಅಗ್ಗದ ಸುದ್ದಿಕಾಗದ ತನ್ನ ಆಮ್ಲದಿಂದಲೇ ಸೀದು, ಮಡಿಕೆಯಲ್ಲಿ ಪುಡಿಯಾಗುತ್ತದೆ. ಹರಿದಲ್ಲಿ ಸೆಲೋಟೇಪ್ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಹಾಳು ಕೆಲಸ. ಝೆರಾಕ್ಸ್ ಕೂಡ ಬೇಡ, ಒತ್ತಿದರೆ ಬೈಂಡಿಂಗ್ ಬೆನ್ನು ಮುರಿಯುತ್ತದೆ. ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ಮೊಬೈಲ್‌ನಲ್ಲೇ ತೆಗೆಯಿರಿ: ಮೊದಲು ಪತ್ರಿಕೆಯ ಹೆಸರು ಮತ್ತು ದಿನಾಂಕವಿರುವ ತಲೆಪಟ್ಟಿ, ಆಮೇಲೆ ಇಡೀ ಪುಟ, ಕೊನೆಗೆ ಸುದ್ದಿ.

ಇನ್ನು ದಿನಾಂಕ. ನಿಜಾಮರ ಕಾಲದ ಉರ್ದು ಪತ್ರಿಕೆಗಳಲ್ಲಿ ಒಂದೇ ಸಾಲಿನಲ್ಲಿ ಎರಡು ಮೂರು ಬಗೆಯ ವರ್ಷದ ಎಣಿಕೆ ಇರಬಹುದು. ವರ್ಷದ ಅಂಕಿಯ ಕೊನೆಗಿರುವ ಉರ್ದು ಅಕ್ಷರ ನೋಡಿ: ಫೆ (ف) ಇದ್ದರೆ ಫಸಲಿ, ಅಂದರೆ ಕಂದಾಯದ ವರ್ಷ; ದೋ ಚಶ್ಮಿ ಹೆ (ھ) ಇದ್ದರೆ ಹಿಜರಿ, ಅಂದರೆ ಇಸ್ಲಾಮಿ ಚಾಂದ್ರಮಾನ ವರ್ಷ; ಐನ್ (ع ಅಥವಾ ء) ಇದ್ದರೆ ಇಸವಿ. 1943ರಲ್ಲಿ ಫಸಲಿ 1352, ಹಿಜರಿ 1362. ಹಿಜರಿಯನ್ನು ಫಸಲಿ ಎಂದು ಓದಿದರೆ 1953ಕ್ಕೆ ಹೋಗಿ ಮುಟ್ಟುತ್ತೀರಿ. ಅಷ್ಟರಲ್ಲಿ ನಿಜಾಮರ ಆಳ್ವಿಕೆಯೇ ಮುಗಿದಿತ್ತು!

ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ, ಆಜೂರ್ ತಿಂಗಳಿಂದ ಶುರುವಾಗುತ್ತಿತ್ತು. ಇಸವಿ ತಿಳಿಯಲು ಮೊದಲ ಮೂರು ತಿಂಗಳಾದ ಆಜೂರ್, ದೈ, ಬಹಮನ್‌ಗೆ ಫಸಲಿ ವರ್ಷಕ್ಕೆ 590 ಕೂಡಿಸಿ; ನಾಲ್ಕನೆಯ ಇಸ್ಫಂದಾರ್‌ನಿಂದ ಕೊನೆಯ ಆಬಾನ್‌ವರೆಗೆ 591. ದೈ 1352 ಎಂದರೆ 1942ರ ನವೆಂಬರ್ ಸುಮಾರು, ಖುರ್ದಾದ್ 1352 ಎಂದರೆ 1943ರ ಏಪ್ರಿಲ್ ಸುಮಾರು. ಬಹಮನ್‌ನ ಕೊನೆಯ ದಿನಗಳು ಜನವರಿಗೆ ಜಾರುವುದರಿಂದ ಅಲ್ಲಿ ಎಚ್ಚರ. ಮದ್ರಾಸ್ ಕಡೆಯ ಫಸಲಿ ಜುಲೈನಲ್ಲಿ ಶುರುವಾಗುತ್ತದೆ, ಆ ಕೋಷ್ಟಕ ಇಲ್ಲಿ ಹಿಡಿಯಬೇಡಿ. ಲೆಕ್ಕ ಮುಗಿದ ಮೇಲೆ ತಲೆಪಟ್ಟಿಯಲ್ಲಿರುವ ವಾರ ತಾಳೆಯಾಗುತ್ತದೆಯೇ ನೋಡಲೇಬೇಕು. ತಾಳೆಯಾಗದಿದ್ದರೆ ಮತ್ತೆ ಕೂಡಿಸಿ.

ಹಬ್ಬದ ಸುದ್ದಿಗೂ ಇದೇ ಜಾಣತನ ಬೇಕು. ಕಲಬುರಗಿಯ ಶರಣಬಸವೇಶ್ವರ ಜಾತ್ರೆ ಹೋಳಿ ಹುಣ್ಣಿಮೆಯ ಬೆನ್ನಿಗೇ ಬರುತ್ತದೆ. ಅಲ್ಲಿನದೇ ಬಂದೇನವಾಜ್ ದರ್ಗಾದ ಉರುಸು ಹಿಜರಿಯ ಜಿಲ್ಖಾದ್ ತಿಂಗಳದ್ದಾದ್ದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಒಂದೇ ತಿಂಗಳ ಸಂಪುಟ ಹುಡುಕಿ 'ಸುದ್ದಿಯೇ ಇಲ್ಲ' ಎನ್ನಬಾರದು.

ಹೆಸರೂ ಗಡಿಯೂ ಬದಲಾಗಿವೆ. ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ ಎಲ್ಲ ಕಾಗುಣಿತದಲ್ಲೂ ಹುಡುಕಿ. 1956ರ ನವೆಂಬರ್ 1ಕ್ಕೆ ಮುಂಚೆ ತಾಂಡೂರು, ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯಲ್ಲಿ, ಉದಗೀರ, ನಿಲಂಗಾ, ಜಹೀರಾಬಾದ್ ಬೀದರ್ ಜಿಲ್ಲೆಯಲ್ಲಿ ಇದ್ದವು. 'ಬೀದರ್ ಜಿಲ್ಲೆಯಲ್ಲಿ' ಎಂದಿದ್ದ ಮಾತ್ರಕ್ಕೆ ಇಂದಿನ ಬೀದರ್ ಅಲ್ಲ. ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯಲ್ಲೇ ಇದ್ದುದರಿಂದ ಅದರ ಸುದ್ದಿಯನ್ನು ಗುಲ್ಬರ್ಗಾದ ಕೆಳಗೇ ಹುಡುಕಬೇಕು.

ಬೆಲೆ ಕಂಡರೆ ಹಾಲಿ ಸಿಕ್ಕಾವೋ (ನಿಜಾಮರ ರೂಪಾಯಿ) ಕಲ್ದಾರೋ (ಬ್ರಿಟಿಷ್ ಇಂಡಿಯಾದ ರೂಪಾಯಿ) ಗುರುತಿಸಿ. 7 ಹಾಲಿ ರೂಪಾಯಿ 6 ಕಲ್ದಾರಿಗೆ ಸಮವಾಗಿತ್ತು. ಆಣೆ ರೂಪಾಯಿಗೆ 16, ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ.

ತಲೆಬರಹಗಳನ್ನು ಬಿಟ್ಟು ಮೊದಲು ಜಾಹೀರಾತು, ಹರಾಜಿನ ಪ್ರಕಟಣೆ, ನಾಟಕ ಕಂಪನಿಯ ಚೌಕಟ್ಟು ಓದಿ. ಟಿಕೆಟ್ ದರ, ಆಟದ ಹೊತ್ತು, ಹೆಂಗಸರಿಗೆ ಬೇರೆ ಆಸನವಿತ್ತೇ ಎಂಬುದೆಲ್ಲ ಸಿಗುವುದು ಅಲ್ಲಿ. ರದ್ದಿ ಅಂಗಡಿಯಲ್ಲಿ ಬಿಡಿ ಹಾಳೆ ಸಿಕ್ಕರೆ ತಲೆಪಟ್ಟಿ ಇಲ್ಲದ್ದನ್ನು ಕೊಳ್ಳಬೇಡಿ.

ಮನೆಗೆ ಬಂದ ದಿನವೇ ಚಿತ್ರಗಳ ಹೆಸರು ಬದಲಿಸಿ: ಇಸವಿ, ತಿಂಗಳು, ದಿನ, ಪತ್ರಿಕೆ, ಪುಟ, ಈ ಕ್ರಮದಲ್ಲಿ. ಫಸಲಿ ದಿನಾಂಕವನ್ನು ಮೂಲದಲ್ಲಿದ್ದಂತೆ ಪಕ್ಕದಲ್ಲೇ ಬರೆದಿಡಿ, ಲೆಕ್ಕ ತಪ್ಪಿದ್ದರೆ ಮುಂದೆ ಓದುವವರು ತಿದ್ದಿಕೊಳ್ಳಬಹುದು.