ಅಗ್ರಿಮೆಂಟ್ ಮುಗಿಯೋ ಮೊದಲೇ ಮನೆ ಬಿಡ್ತೇನೆ ಅಂತಾನಾ ಮಗ? ಹೀಗೆ ಮಾತಾಡಿ

ಶಿರಸಿ, ಕುಮಟಾ, ಅಂಕೋಲಾ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಈಗ ಬೆಂಗಳೂರಲ್ಲಿ. ಒಂದು ರಾತ್ರಿ ಫೋನ್ ಬರುತ್ತದೆ: "ಅಪ್ಪಯ್ಯ, ಈ ಮನೆ ಸರಿ ಇಲ್ಲ, ಮುಂದಿನ ತಿಂಗಳು ಬಿಡ್ತೇನೆ." ಅಗ್ರಿಮೆಂಟ್ ಕತೆ ಏನು ಅಂತ ಕೇಳಿದರೆ, ಅದೆಲ್ಲ ಸುಮ್ನೆ ಫಾರ್ಮಾಲಿಟಿ ಅನ್ನೋ ಉತ್ತರ. ಹಾಗೆ ಅನ್ನಿಸೋದರಲ್ಲಿ ನಮ್ಮ ಪಾಲೂ ಇದೆ. ಮಹಡಿ ಮೇಲಿನ ಎರಡು ಕೋಣೆಯನ್ನು ಮಾಸ್ತರಿಗೋ ಅಕ್ಕೋರಿಗೋ ಬಾಯಿಮಾತಲ್ಲೇ ಬಾಡಿಗೆಗೆ ಕೊಟ್ಟದ್ದನ್ನು ನೋಡಿ ಬೆಳೆದವರು ಅವರು. ಕಾಗದಕ್ಕೆ ಸಹಿ ಹಾಕಿದರೆ ಏನಾಗುತ್ತದೆ ಅಂತ ಗೊತ್ತಾಗೋದು ಅಡ್ವಾನ್ಸ್ ವಾಪಸ್ ಬರದಿದ್ದಾಗಲೇ.

ಬೈಯಬೇಡಿ, ದುಡ್ಡು ಕಳಿಸೋಕೂ ಹೋಗಬೇಡಿ. ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ.

1. ಮೊದಲು ಕಾರಣ ಕೇಳಿ

ಕೆಲಸ ಬದಲಾಯಿತಾ, ರೂಮ್‌ಮೇಟ್ ಜೊತೆ ಜಗಳವಾ, ಅಥವಾ ಓನರ್ ಕೊಟ್ಟ ಮಾತು ಉಳಿಸಿಕೊಂಡಿಲ್ಲವಾ? ನೀರು ಬರೋದಿಲ್ಲ, ಗೋಡೆ ಸೋರ್ತದೆ, ಹೇಳಿದರೂ ರಿಪೇರಿ ಮಾಡಿಸೋದಿಲ್ಲ ಅಂದರೆ ಅದು ಬೇರೆಯೇ ವಿಷಯ. ಆಗ ತಪ್ಪು ಬರೀ ನಿಮ್ಮ ಮಗನದಲ್ಲ, ಮಾತಾಡೋಕೆ ಜಾಗ ಇದೆ. ಫೋಟೋ, ಓನರ್‌ಗೆ ಕಳಿಸಿದ ಮೆಸೇಜು ಎಲ್ಲ ತೆಗೆದಿಡೋಕೆ ಹೇಳಿ.

2. ಕಾಗದ ಪೂರ್ತಿ ತರಿಸಿ ಓದಿ

ವಾಟ್ಸಾಪಿನಲ್ಲಿ ಮೊದಲ ಪುಟ ಮಾತ್ರ ಬರುತ್ತದೆ, ಅದು ಸಾಲದು. ಎಲ್ಲ ಪುಟ ತರಿಸಿ, ಫೋನಲ್ಲಿ ಅವರಿಂದಲೇ ಜೋರಾಗಿ ಓದಿಸಿ. ಹುಡುಕಬೇಕಾದ್ದು ಇಷ್ಟು: ಯಾವ ತಾರೀಕಿನಿಂದ ಶುರು, ಲಾಕ್-ಇನ್ (ಮಧ್ಯದಲ್ಲಿ ಬಿಟ್ಟರೂ ಬಾಡಿಗೆ ಕೊಡಲೇಬೇಕು ಅನ್ನೋ ಅವಧಿ) ಎಷ್ಟು ತಿಂಗಳು, ನೋಟಿಸ್ ಎಷ್ಟು, ಅಡ್ವಾನ್ಸ್‌ನಲ್ಲಿ ಏನೇನು ಮುರಿದುಕೊಳ್ಳುತ್ತಾರೆ, ಪೇಂಟಿಂಗ್ ಯಾರ ಖರ್ಚು. ಲಾಕ್-ಇನ್ ಬೇರೆ, ನೋಟಿಸ್ ಬೇರೆ. ಎರಡು ತಿಂಗಳ ನೋಟಿಸ್ ಕೊಟ್ಟೆ ಅಂತ ಲಾಕ್-ಇನ್ ತಪ್ಪೋದಿಲ್ಲ.

ಎಲ್ಲರ ಅಗ್ರಿಮೆಂಟೂ 11 ತಿಂಗಳಿಗೇ ಯಾಕೆ ಅಂತ ಕೇಳಬಹುದು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಆ ಖರ್ಚು ತಪ್ಪಿಸೋಕೆ 11. ಅವಧಿ ಮುಗಿದ ಮೇಲೂ ಹೊಸ ಕಾಗದ ಮಾಡದೆ ಬಾಡಿಗೆ ಕೊಡುತ್ತಾ ಇದ್ದರೆ, ಕಾಗದದಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ಸಾಮಾನ್ಯವಾಗಿ ತಿಂಗಳ ಬಾಡಿಗೆದಾರ ಅಂತ ಲೆಕ್ಕ. ಆಗ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ 15 ದಿನದ ನೋಟಿಸ್ ಸಾಕು. ಮಗ ಸಿಕ್ಕಿಬಿದ್ದೆ ಅಂದುಕೊಂಡಿರುತ್ತಾನೆ, ಸಿಕ್ಕಿಬಿದ್ದಿರೋದಿಲ್ಲ.

3. ಲೆಕ್ಕ ಬರೆಸಿ

ಇದೇ ಮುಖ್ಯ. ಬಾಡಿಗೆ 18,000, ಅಡ್ವಾನ್ಸ್ 90,000, ಲಾಕ್-ಇನ್ 6 ತಿಂಗಳು ಅಂತಿಟ್ಟುಕೊಳ್ಳಿ. ನಾಲ್ಕು ತಿಂಗಳಿಗೆ ಬಿಟ್ಟರೆ ಉಳಿದ ಎರಡು ತಿಂಗಳ ಬಾಡಿಗೆ 36,000 ಹೋಯಿತು. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ, 18,000, ಮುರಿದುಕೊಂಡರೆ ಕೈಗೆ ಬರೋದು ಬರೀ 36,000. ಆದರೆ ಪೇಂಟಿಂಗ್ ದುಡ್ಡು 11 ತಿಂಗಳು ಪೂರ್ತಿ ಇದ್ದರೂ ಹೋಗುತ್ತಿತ್ತು, ಹಾಗಾಗಿ ಅದನ್ನು ಈ ನಷ್ಟಕ್ಕೆ ಸೇರಿಸಬೇಡಿ. ಸೇರಿಸಬೇಕಾದ್ದು ಹೊಸ ಮನೆಯ ಬ್ರೋಕರ್ ಕಮಿಷನ್, ಸಾಮಾನು ಸಾಗಿಸೋ ಟೆಂಪೋ. ಹಳೆ ಅಡ್ವಾನ್ಸ್ ಬರೋ ಮೊದಲೇ ಹೊಸ ಅಡ್ವಾನ್ಸ್ ಹೊಂದಿಸಬೇಕು, ಅದಂತೂ ಲೆಕ್ಕದಲ್ಲಿ ಯಾರಿಗೂ ನೆನಪಾಗೋದೇ ಇಲ್ಲ.

ಈಗ ಇದೊಂದು ಕೇಳಿ: ಎರಡು ತಿಂಗಳ ಬಾಡಿಗೆ 36,000 ಹೇಗೂ ಹೋಗೋದೇ ಆದರೆ, ಇನ್ನೆರಡು ತಿಂಗಳು ಅಲ್ಲೇ ಇರಬಹುದಲ್ವಾ? ಎಷ್ಟೋ ಮಕ್ಕಳು ಇಲ್ಲೇ ಸುಮ್ಮನಾಗುತ್ತಾರೆ.

4. ಓನರ್ ಏನು ಮಾಡಬಹುದು, ಏನು ಮಾಡೋ ಹಾಗಿಲ್ಲ

ಹೆದರಿಸೋಕೆ ಇಲ್ಲದ್ದನ್ನೆಲ್ಲ ಹೇಳಬೇಡಿ, ಬಾಡಿಗೆ ಮನೆ ಬಿಟ್ಟಿದ್ದಕ್ಕೆ ಜೈಲೇನೂ ಇಲ್ಲ. ಕರಾರಿನಲ್ಲಿ ದಂಡ ಅಂತ ಎಷ್ಟೇ ಬರೆದಿರಲಿ, 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕೋರ್ಟು ಕೊಡಿಸೋದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲ್ಮಿತಿ ಅಷ್ಟೇ. ಆದರೆ ದುಡ್ಡು ಆಗಲೇ ಓನರ್ ಕೈಯಲ್ಲಿದೆ, ಮೂವತ್ತು ಸಾವಿರಕ್ಕೆ ಯಾರು ಕೋರ್ಟಿಗೆ ಅಲೀತಾರೆ? ಸಾಮಾನು ಒಳಗಿಟ್ಟು ಬೀಗ ಹಾಕೋ ಹಕ್ಕು ಮಾತ್ರ ಓನರ್‌ಗೆ ಇಲ್ಲ.

ನಿಜವಾಗಿ ಹೆದರಬೇಕಾದ್ದು ಚೆಕ್‌ಗೆ. ಮುಂದಿನ ತಾರೀಕು ಹಾಕಿ ಬಾಡಿಗೆ ಚೆಕ್ ಕೊಟ್ಟಿದ್ದು, ಬಾಕಿ ಇರುವಾಗ ಖಾತೆಯಲ್ಲಿ ದುಡ್ಡಿಲ್ಲದೆ ಅದು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೇಸು. ಓನರ್ ನೋಟಿಸ್ ಬಂದ 15 ದಿನದೊಳಗೆ ಕಟ್ಟದಿದ್ದರೆ ಎರಡು ವರ್ಷದವರೆಗೆ ಶಿಕ್ಷೆಗೂ ಅವಕಾಶ ಇದೆ. ಎಷ್ಟು ಚೆಕ್ ಕೊಟ್ಟಿದ್ದೀಯ ಅಂತ ಮರೆಯದೆ ಕೇಳಿ.

ಮೂವರು ಸೇರಿ ಸಹಿ ಹಾಕಿದ್ದರೆ ಉಳಿದ ಇಬ್ಬರನ್ನೂ ನೆನಪಿಸಿ. ಇವನು ಬಿಟ್ಟು ಹೋದ ಪಾಲು ಅವರ ತಲೆ ಮೇಲೆ.

5. ಓನರ್ ಹತ್ತಿರ ಅವರೇ ಮಾತಾಡಲಿ

ನೀವು ಫೋನ್ ಮಾಡಬೇಡಿ. ಊರಿಂದ ಅಪ್ಪಯ್ಯನೋ ಆಯಿಯೋ ಮಾತಾಡಿದರೆ ಓನರ್ ಇನ್ನು ಮೇಲೆ ನಿಮ್ಮನ್ನೇ ಹಿಡಿಯುತ್ತಾರೆ. ಆದರೆ ಏನು ಮಾತಾಡಬೇಕು ಅಂತ ಹೇಳಿಕೊಡಿ. ಅಡಿಕೆ ಫಸಲು ಗುತ್ತಿಗೆಗೆ ಹಿಡಿದವನು ಕೊಯ್ಲಿನ ಹೊತ್ತಿಗೆ ದರ ಬಿತ್ತು, ನಂಗೆ ಬೇಡ ಅಂದರೆ ನಾವು ಬಿಡ್ತೀವಾ? ಓನರ್‌ಗೂ ಹಾಗೇ, ಮನೆ ಖಾಲಿ ಬೀಳೋದೇ ಚಿಂತೆ. ಬದಲಿ ಬಾಡಿಗೆದಾರನನ್ನು ಹುಡುಕಿ ಕೊಟ್ಟರೆ ಎಷ್ಟೋ ಜನ ಲಾಕ್-ಇನ್ ಬಿಟ್ಟುಕೊಡುತ್ತಾರೆ. ಆಫೀಸಿನ ಗ್ರೂಪಿನಲ್ಲಿ ಕೇಳೋಕೆ ಹೇಳಿ, ಬೆಂಗಳೂರಲ್ಲಿ ಮನೆ ಹುಡುಕುವವರಿಗೇನು ಬರವಾ?

ಒಪ್ಪಿಕೊಂಡದ್ದನ್ನು ಮೆಸೇಜಿನಲ್ಲೋ ಇ-ಮೇಲಿನಲ್ಲೋ ಬರೆಸಿಕೊಳ್ಳಬೇಕು. "ಆಯ್ತು ನೋಡೋಣ" ಅನ್ನೋದು ಒಪ್ಪಿಗೆ ಅಲ್ಲ.

6. ಬಿಡುವ ದಿನ

ಖಾಲಿ ಮನೆಯ ವಿಡಿಯೋ, ಕರೆಂಟ್ ಮೀಟರಿನ ಫೋಟೋ, ಕಟ್ಟಿದ ಬಿಲ್ಲು. ಅಡ್ವಾನ್ಸ್ ಲೆಕ್ಕ ಎದುರಿಗೇ ಮುಗಿಸಿ, ಕೊಟ್ಟಿದ್ದ ಚೆಕ್ಕುಗಳನ್ನು ವಾಪಸ್ ಪಡೆದು, ಆಮೇಲೆ ಕೀಲಿ ಕೊಡಬೇಕು. ದುಡ್ಡು ಸಾಲದೆ ನೀವು ಕೊಡಬೇಕಾಗಿ ಬಂದರೆ ಸಾಲ ಅಂತಲೇ ಕೊಡಿ, ತಿಂಗಳಿಗಿಷ್ಟು ಅಂತ ಮಾತಾಗಲಿ.

ಮುಂದಿನ ಅಗ್ರಿಮೆಂಟಿಗೆ ಸಹಿ ಹಾಕೋ ಮೊದಲು ಒಂದು ಸಾಲು ಸೇರಿಸೋಕೆ ಹೇಳಿ: ಕೆಲಸದ ವರ್ಗಾವಣೆ ಆದರೆ ಲಾಕ್-ಇನ್ ಇಲ್ಲ, ಒಂದು ತಿಂಗಳ ನೋಟಿಸ್ ಸಾಕು. ಕಾರವಾರದಲ್ಲಿ ಕೈಗಾ ಅಣುಸ್ಥಾವರದವರಿಗೋ ಸೀಬರ್ಡ್ ನೌಕಾನೆಲೆಯವರಿಗೋ ಮನೆ ಕೊಟ್ಟವರಿಗೆ ವರ್ಗ ಅನ್ನೋದು ಹೊಸದಲ್ಲ. ಬೆಂಗಳೂರಿನ ಓನರ್‌ಗಳೂ ಸಹಿಗೆ ಮೊದಲು ಕೇಳಿದರೆ ಒಪ್ಪಬಹುದು, ಸಹಿ ಬಿದ್ದ ಮೇಲೆ ಕಷ್ಟ.